ಸರಪಳಿ ಸವೆಯುವ ಬಗೆ

(ಬಾನುಲಿ ಭಾಷಣ)

ಸರಪಳಿಗೆ ನಮ್ಮ ಸಾಹಿತ್ಯದಲ್ಲಿ ಒಳ್ಳೆಯ ಹೆಸರಿಲ್ಲ. ಆನೆಯ ಕಾಲಿಗೂ ಸೆರೆಯಾಳಿನ ಕೈಗೂ ಅದನ್ನು ತೊಡಿಸಿದ ಕವಿಗಳು, ಕೊನೆಗೆ ಸಂಸಾರಕ್ಕೂ ಅದನ್ನೇ ಉಪಮಾನವಾಗಿ ಮಾಡಿಬಿಟ್ಟರು. ಇಂದು ನಾನು ಮಾತನಾಡಬೇಕೆಂದಿರುವುದು ಕಟ್ಟಿಹಾಕುವ ಸರಪಳಿಯ ವಿಷಯವನ್ನಲ್ಲ, ಓಡಿಸುವ ಸರಪಳಿಯ ವಿಷಯವನ್ನು. ಮೋಟಾರ್ ಸೈಕಲ್ಲಿನ ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ದು ಮುಟ್ಟಿಸುವ ಚೈನು ಅದು. ಅದು ಹೇಗೆ ಸವೆಯುತ್ತದೆ, ಸವೆದುದನ್ನು ಗುರುತಿಸುವ ಬಗೆ ಯಾವುದು, ಗುರುತಿಸಿದ ಮೇಲೆ ಮಾಡಬೇಕಾದುದೇನು ಎಂಬುದನ್ನು ಕೊಂಚ ವಿಚಾರ ಮಾಡೋಣ.

ನಾನು ವಾಸವಾಗಿರುವುದು ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆಯಲ್ಲಿ. ಹೆಸರಿನಲ್ಲಿಯೇ ಕೆರೆಯನ್ನು ಇರಿಸಿಕೊಂಡಿರುವ ಈ ಊರು ಬೆಂಗಳೂರಿನ ದಕ್ಷಿಣದ ಹೊಸ್ತಿಲು. ಬೆಳಗಾಯಿತೆಂದರೆ ಇಲ್ಲಿಂದ ಜಯನಗರಕ್ಕೆ, ಜೆ.ಪಿ. ನಗರಕ್ಕೆ, ಬಿ.ಟಿ.ಎಂ. ಬಡಾವಣೆಗೆ ದ್ವಿಚಕ್ರ ವಾಹನಗಳು ಹೊಳೆಯಂತೆ ಹರಿಯುತ್ತವೆ. ಮುಂದೆ ಶಾಲೆಯ ಚೀಲ ಹೊತ್ತ ಮಗು, ಹಿಂದೆ ಕೆಲಸಕ್ಕೆ ಹೊರಟ ಮಡದಿ. ಬೆನ್ನಿಗೆ ಊಟದ ಪೆಟ್ಟಿಗೆ ಕಟ್ಟಿಕೊಂಡು ದಿನವಿಡೀ ಮನೆಯಿಂದ ಮನೆಗೆ ಓಡುವ ಹುಡುಗರು. ರಸ್ತೆಯ ಅಂಚಿನಲ್ಲಿ ನಿಂತು ಕಿವಿಗೊಟ್ಟರೆ, ಎಂಜಿನ್ನುಗಳ ಗದ್ದಲದ ಅಡಿಯಲ್ಲಿ, ಹಲವು ಗಾಡಿಗಳಿಂದ ಕರಕರ ಎನ್ನುವ ಒಣ ಸದ್ದೊಂದು ಕೇಳಿಸುತ್ತದೆ. ಸವಾರನಿಗೆ ಅದು ಅಭ್ಯಾಸವಾಗಿ ಹೋಗಿರುತ್ತದೆ. ಆದರೆ ಆ ಸದ್ದನ್ನು ಕಡೆಗಣಿಸುವಂತಿಲ್ಲ. ನಡುರಸ್ತೆಯಲ್ಲಿ ಸರಪಳಿ ಕಡಿದರೆ, ಹಿಂದೆ ಲಾರಿ ಬರುತ್ತಿರುವಾಗ ಗಾಡಿ ಬಲವಿಲ್ಲದೆ ನಿಲ್ಲುತ್ತದೆ. ಕಡಿದ ತುದಿ ಮುಂದಿನ ಗಾಲಿಗೆ ಸುತ್ತಿಕೊಂಡರೆ ಎಂಜಿನ್ನಿನ ಕವಚವೇ ಒಡೆಯಬಹುದು. ಹಿಂದಿನ ಚಕ್ರ ಒಮ್ಮೆಗೇ ಬಿಗಿದು ನಿಲ್ಲಲೂಬಹುದು. ಹಾಗೆ ಚಕ್ರ ಬಿಗಿದಾಗ ಮುಂದೆ ಕುಳಿತ ಮಗುವನ್ನು ಉಳಿಸಿಕೊಳ್ಳುವುದು ಎಂಥ ಚತುರ ಸವಾರನಿಗೂ ಕಷ್ಟ.

ಸರಪಳಿ ಸಡಿಲವಾದಾಗ ನಾವು ಸಾಮಾನ್ಯವಾಗಿ ಹೇಳುವ ಮಾತು, 'ಚೈನು ಹಿಗ್ಗಿದೆ' ಎಂದು. ಬಟ್ಟೆ ಒಣಹಾಕಿದ ಹಗ್ಗ ಜೋಲುಬಿದ್ದಂತೆ ಉಕ್ಕೂ ಎಳೆತಕ್ಕೆ ಉದ್ದವಾಯಿತೆಂಬ ಭಾವನೆ ಆ ಮಾತಿನಲ್ಲಿದೆ. ಇದು ನಿಜವಲ್ಲ. ಕೊಂಡಿಯ ಉಕ್ಕಿನ ತಗಡು ದಿನನಿತ್ಯದ ಎಳೆತಕ್ಕೆ ಉದ್ದವಾಗುವಂಥದಲ್ಲ. ಹಾಗಾದರೆ ಉದ್ದವಾದದ್ದು ಏನು? ಇದಕ್ಕೆ ಉತ್ತರ ಬೇಕಾದರೆ ಸರಪಳಿಯ ಒಳಗನ್ನು ನೋಡಬೇಕು.

ಒಂದು ಕೊಂಡಿಯನ್ನು ಮತ್ತೊಂದಕ್ಕೆ ಸೇರಿಸುವ ಕಡೆಯಲ್ಲಿ ಒಂದು ಗಟ್ಟಿಯಾದ ಪಿನ್ನು ಇದೆ. ಆ ಪಿನ್ನಿಗೆ ಒಂದು ಕೊಳವೆ ಹೊದಿಕೆಯಾಗಿದೆ. ಇದನ್ನು ಬುಷ್ ಎನ್ನುತ್ತಾರೆ. ಬುಷ್‌ನ ಮೇಲೆ ಸಡಿಲವಾಗಿ ಉರುಳುವ ಇನ್ನೊಂದು ಉಂಗುರವಿದೆ, ಅದು ರೋಲರ್. ಹಲ್ಲಿಗೆ ತಾಗುವುದು ಈ ರೋಲರ್ ಮಾತ್ರ. ಸರಪಳಿ ಗಾಲಿಯನ್ನು ಬಳಸುವಾಗ ಮಣಿಯುವುದು ಪಿನ್ನು ಮತ್ತು ಬುಷ್‌ಗಳ ನಡುವೆ. ಈ ಮೂರು ಪದರಗಳ ಏರ್ಪಾಡಿಗೆ 1880ರಲ್ಲಿ ಹಕ್ಕುಪತ್ರ ಪಡೆದವನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲಸಿದ್ದ, ಸ್ವಿಟ್ಸರ್ಲೆಂಡ್ ಮೂಲದ ಹಾನ್ಸ್ ರೆನಾಲ್ಡ್. ಅದಕ್ಕೂ ಹಿಂದಿನ ಸರಪಳಿಗಳಲ್ಲಿ ಪಿನ್ನು ತೆಳುವಾದ ತಗಡಿನ ರಂಧ್ರದ ಅಂಚಿನ ಮೇಲೆಯೇ ಉಜ್ಜುತ್ತಿತ್ತು, ಬೇಗ ಸವೆಯುತ್ತಿತ್ತು. ರೆನಾಲ್ಡನ ಬುಷ್ ಆ ಭಾರವನ್ನು ಪಿನ್ನಿನ ಉದ್ದಕ್ಕೂ ಹಂಚಿತು. ಬೈಸಿಕಲ್ಲಿನಿಂದ ಮೋಟಾರ್ ಸೈಕಲ್ಲಿನವರೆಗೆ ಇಂದಿಗೂ ಓಡುತ್ತಿರುವುದು ಬಹುಮಟ್ಟಿಗೆ ಇದೇ ಸರಪಳಿಯ ಸಂತತಿ. ಸುಸ್ಥಿತಿಯಲ್ಲಿದ್ದಾಗ ಅದು ತನಗೆ ಬಂದ ಶಕ್ತಿಯಲ್ಲಿ ನೂರಕ್ಕೆ 97–98 ಪಾಲನ್ನು ಪ್ರಾಮಾಣಿಕವಾಗಿ ಮುಂದಕ್ಕೆ ದಾಟಿಸುತ್ತದೆ. ಇಷ್ಟು ಕಡಿಮೆ ದಸ್ತೂರಿ ಇಟ್ಟುಕೊಳ್ಳುವ ಮಧ್ಯವರ್ತಿಗಳು ಲೋಕದಲ್ಲಿ ವಿರಳ.

ಇನ್ನು ಅದರ ದುಡಿಮೆಯನ್ನು ನೋಡಿ. ಹಿಂದಿನ ಗಾಲಿಗೆ 42 ಹಲ್ಲು, ಮುಂದಿನದಕ್ಕೆ 14, ಸರಪಳಿಗೆ 110 ಕೊಂಡಿ ಇರುವ ಗಾಡಿಯೊಂದನ್ನು ಎಣಿಕೆಗಾಗಿ ತೆಗೆದುಕೊಳ್ಳೋಣ. ಟೈರಿನ ಸುತ್ತಳತೆ 1.9 ಮೀಟರ್ ಎಂದಿರಲಿ. ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಸರಪಳಿ ಸುಮಾರು 200 ಸುತ್ತು ತಿರುಗುತ್ತದೆ. ಗೊಟ್ಟಿಗೆರೆಯಿಂದ ಜಯನಗರಕ್ಕೆ 10 ಕಿಲೋಮೀಟರ್ ಎಂದಿಟ್ಟುಕೊಂಡರೆ 2000 ಸುತ್ತು. ಪ್ರತಿಯೊಂದು ಸುತ್ತಿನಲ್ಲಿ ಪ್ರತಿಯೊಂದು ಕೀಲೂ ನಾಲ್ಕು ಸಲ ಮಣಿಯಬೇಕು: ಮುಂದಿನ ಗಾಲಿಯನ್ನು ಹೊಗುವಾಗ, ಬಿಡುವಾಗ, ಹಿಂದಿನ ಗಾಲಿಯನ್ನು ಹೊಗುವಾಗ, ಬಿಡುವಾಗ. ಅಂದರೆ ಜಯನಗರಕ್ಕೆ ಹೋಗುವ ಒಂದೇ ಪಯಣದಲ್ಲಿ ಒಂದೊಂದು ಕೀಲೂ 8000 ಸಲ ಮಣಿದು ನೆಟ್ಟಗಾಗುತ್ತದೆ. ಪಿನ್ನು ಬುಷ್‌ಗಳ ನಡುವೆ ಎಣ್ಣೆಯ ಪೊರೆ ಇದ್ದರೆ ಈ ಮಣಿತ ಸುಗಮ. ಎಣ್ಣೆ ಇಲ್ಲದಿದ್ದರೆ ಉಕ್ಕು ಉಕ್ಕನ್ನೇ ತಿನ್ನುತ್ತದೆ.

ಹೀಗೆ ಪ್ರತಿ ಕೀಲಿನಲ್ಲಿ ಹತ್ತನೆಯ ಒಂದು ಮಿಲಿಮೀಟರಿನಷ್ಟು ಲೋಹ ಸವೆಯಿತೆನ್ನಿ. ಕಣ್ಣಿಗೆ ಕಾಣದಷ್ಟು ಅಲ್ಪ. ಆದರೆ ಕೀಲುಗಳು 110. ಸರಪಳಿ 11 ಮಿಲಿಮೀಟರ್ ಉದ್ದವಾಯಿತು! ಹನಿಗೂಡಿದರೆ ಹಳ್ಳವೆಂಬ ಗಾದೆ ಲಾಭಕ್ಕೆ ಅನ್ವಯಿಸುವಂತೆ ನಷ್ಟಕ್ಕೂ ಅನ್ವಯಿಸುತ್ತದೆ. ಹಿಗ್ಗಿದ್ದು ಉಕ್ಕಲ್ಲ, ಕೀಲುಗಳ ಒಳಗಿನ ಬಿಡುವು.

ನಮ್ಮ ಭಾಗದ ರಸ್ತೆಗಳು ಈ ಸವೆತಕ್ಕೆ ತಮ್ಮ ಕಾಣಿಕೆಯನ್ನೂ ಸಲ್ಲಿಸುತ್ತವೆ. ಜಲ್ಲಿ ಮತ್ತು ಎಂ-ಸ್ಯಾಂಡ್ ಸಾಗಿಸುವ ಲಾರಿಗಳು, ಮನೆ ಕಟ್ಟುವ ಕೆಲಸ, ಬನ್ನೇರುಘಟ್ಟ ರಸ್ತೆಯನ್ನು ವರ್ಷಗಟ್ಟಲೆ ಅಗೆದ ಮೆಟ್ರೊ ಕಾಮಗಾರಿ, ಎಲ್ಲವೂ ಗಾಳಿಗೆ ಕಲ್ಲಿನ ಪುಡಿಯನ್ನು ಬೆರೆಸಿವೆ. ಆ ಪುಡಿ ಸರಪಳಿಯ ಎಣ್ಣೆಗೆ ಅಂಟಿ ಒಂದು ಬಗೆಯ ಕಪ್ಪು ಕಲ್ಕವಾಗುತ್ತದೆ. ಸಾಣೆ ಹಿಡಿಯುವವನು ಬೇಕೆಂದೇ ಬಳಸುವ ಸಾಮಗ್ರಿಯನ್ನು ನಾವು ಅರಿಯದೆಯೇ ಕೀಲುಗಳ ನಡುವೆ ತುಂಬಿಕೊಂಡು ತಿರುಗುತ್ತೇವೆ. ಮಳೆ ಬಂದರೆ ಎಣ್ಣೆ ತೊಳೆದುಹೋಗಿ ತುಕ್ಕು ಬರುತ್ತದೆ. ಬಿಸಿಲು ಬಂದರೆ ಮತ್ತೆ ದೂಳು.

ಸರಪಳಿಯೊಂದಿಗೆ ಗಾಲಿಗಳ ಹಲ್ಲುಗಳೂ ಸವೆಯುತ್ತವೆ. ಗ್ಯಾರೇಜಿನವರು ಸ್ಪ್ರಾಕೆಟ್ ಎನ್ನುವ ಈ ಹಲ್ಲುಗಾಲಿಗಳಲ್ಲಿ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಇರುವ ಅಂತರವೂ ಸರಪಳಿಯಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ಅಂತರವೂ ಹೊಸದರಲ್ಲಿ ಸರಿಹೊಂದುತ್ತವೆ. ಆಗ ಹಲವು ಹಲ್ಲುಗಳು ಸೇರಿ ಭಾರ ಹೊರುತ್ತವೆ. ಸರಪಳಿ ಉದ್ದವಾದಾಗ ಈ ಹೊಂದಿಕೆ ತಪ್ಪುತ್ತದೆ. ರೋಲರು ಹಲ್ಲಿನ ಬುಡದಲ್ಲಿ ಕೂರದೆ ಬೆನ್ನನ್ನು ಏರುತ್ತದೆ. ಭಾರವೆಲ್ಲ ಒಂದೆರಡು ಹಲ್ಲುಗಳ ಪಾಲಿಗೆ ಬರುತ್ತದೆ. ಹಲ್ಲು ಒಂದೇ ಮಗ್ಗುಲಲ್ಲಿ ಕೊರೆದುಹೋಗಿ, ತುದಿ ಮೊನಚಾಗಿ, ಅಲೆಯ ನೆತ್ತಿಯಂತೆ ಒಂದು ಕಡೆಗೆ ಬಾಗುತ್ತದೆ. ಮುಂದಿನ ಗಾಲಿ ಚಿಕ್ಕದು. ಹಿಂದಿನ ಗಾಲಿಯ ಒಂದು ಹಲ್ಲು ಒಮ್ಮೆ ದುಡಿಯುವಷ್ಟರಲ್ಲಿ ಮುಂದಿನದರ ಹಲ್ಲು ಮೂರು ಸಲ ದುಡಿದಿರುತ್ತದೆ. ಆದುದರಿಂದ ಮೊದಲು ಬಡವಾಗುವುದು ಅದೇ. ಆದರೆ ಕವಚದ ಒಳಗೆ ಅಡಗಿರುವುದರಿಂದ ಕಣ್ಣಿಗೆ ಬೀಳುವುದು ಕೊನೆಗೆ.

ಇಲ್ಲಿಯೇ ಈ ಭಾಷಣದ ಮುಖ್ಯವಾದ ಮಾತನ್ನು ಹೇಳಿಬಿಡುತ್ತೇನೆ. ಸಡಿಲಾದ ಸರಪಳಿಯನ್ನು ಬಿಗಿಮಾಡುವುದು ಬೇರೆ, ಸವೆದ ಸರಪಳಿಯನ್ನು ಸರಿಮಾಡುವುದು ಬೇರೆ. ಹಿಂದಿನ ಚಕ್ರವನ್ನು ತುಸು ಹಿಂದಕ್ಕೆ ಸರಿಸಿದರೆ ಜೋಲು ಹೋಗುತ್ತದೆ. ಕೀಲುಗಳ ಒಳಗಿನ ಬಿಡುವು ಹೋಗುವುದಿಲ್ಲ. ಹಲ್ಲಿಗೂ ಕೊಂಡಿಗೂ ತಪ್ಪಿದ ಹೊಂದಿಕೆ ಮರಳಿ ಬರುವುದಿಲ್ಲ. ಜ್ವರದ ಕಾವನ್ನು ಇಳಿಸಿ ರೋಗ ವಾಸಿಯಾಯಿತೆಂದು ತಿಳಿದಂತೆ, ಬಿಗಿಮಾಡಿಸಿಕೊಂಡು ಬಂದವನು ನೆಮ್ಮದಿಯಾಗಿ ಇನ್ನೆರಡು ತಿಂಗಳು ಓಡಿಸುತ್ತಾನೆ.

ಹಾಗಾದರೆ ರೋಗವನ್ನು ತಿಳಿಯುವ ಬಗೆ ಯಾವುದು? ಗಾಡಿಯನ್ನು ಡಬಲ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ನಿಲ್ಲಿಸಿ, ಕೀಲಿಕೈಯನ್ನು ಕಿತ್ತು ಜೇಬಿನಲ್ಲಿ ಇಟ್ಟುಕೊಂಡು, ಗೇರನ್ನು ನ್ಯೂಟ್ರಲ್ಲಿಗೆ ತಂದು ಆರಂಭಿಸಬೇಕು. ಎಂಜಿನ್ ಓಡುತ್ತಿರುವಾಗ ಸರಪಳಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರು ಉಂಟು. ಈ ಒಂದು ನಿಯಮಕ್ಕೆ ವಿನಾಯಿತಿ ಇಲ್ಲ. ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಕೆಳಗಿನ ಸಾಲನ್ನು ಬೆರಳಿನಿಂದ ಎತ್ತಿ ನೋಡಿ. ಒಂದು ಕಡೆ ಜೋಲಾಗಿ, ಇನ್ನೊಂದು ಕಡೆ ಬಿಗಿಯಾಗಿ ಇದ್ದರೆ ಕೊಂಡಿಗಳು ಒಂದೇ ಸಮನಾಗಿ ಸವೆದಿಲ್ಲವೆಂದು ಅರ್ಥ. ಬಾಗಿ ನೆಟ್ಟಗಾಗದ ಕೊಂಡಿ, ಕೆಂಪು ತುಕ್ಕು, ಒಡೆದ ರೋಲರ್ ಇದ್ದರೆ ಅವೂ ಆಗ ತೋರುತ್ತವೆ. ಬಳಿಕ ಹಿಂದಿನ ಗಾಲಿಯ ಅತ್ಯಂತ ಹಿಂಭಾಗದಲ್ಲಿ ಸರಪಳಿಯನ್ನು ಹಿಂದಕ್ಕೆ ಎಳೆದು ನೋಡಿ. ಹೊಸದು ಹಲ್ಲನ್ನು ಬಿಡುವುದಿಲ್ಲ. ಹಲ್ಲಿನ ಅರ್ಧದಷ್ಟು ಎತ್ತರ ಬಯಲಾದರೆ ಸಂದೇಹಕ್ಕೆ ಎಡೆಯಿಲ್ಲ.

ಕೈಯ ಅಂದಾಜಿಗಿಂತ ಅಳತೆ ನಂಬಿಕೆಗೆ ಯೋಗ್ಯ. ನಮ್ಮ ಸಾಮಾನ್ಯ ಗಾಡಿಗಳ ಸರಪಳಿಯಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. ಸರಪಳಿಯ ಮೇಲೆ 428 ಎಂದು ಕೊರೆದಿದ್ದರೆ ಮೊದಲ 4 ಎಂಬುದು ಅಂಗುಲದ ಎಂಟನೆಯ ನಾಲ್ಕು ಭಾಗವನ್ನು ಸೂಚಿಸುತ್ತದೆ. ದೊಡ್ಡ ಗಾಡಿಗಳ 520, 530ರಲ್ಲಿ ಎಂಟನೆಯ ಐದು ಭಾಗ. ಅರ್ಧ ಅಂಗುಲದ ಸರಪಳಿಯನ್ನು ಬಿಗಿಯಾಗಿ ಹಿಡಿದು, ಒಂದು ಪಿನ್ನಿನ ನಡುವಿನಿಂದ ಮೊದಲುಗೊಂಡು 21ನೆಯ ಪಿನ್ನಿನ ನಡುವಿನವರೆಗೆ ಅಳೆಯಿರಿ. ಹೊಸದಾದರೆ 254 ಮಿಲಿಮೀಟರ್, ಸರಿಯಾಗಿ ಹತ್ತು ಅಂಗುಲ. 256.5 ಬಂದರೆ ನೂರಕ್ಕೆ ಒಂದರಷ್ಟು ಸವೆದಿದೆ. 259 ಬಂದರೆ ನೂರಕ್ಕೆ ಎರಡರಷ್ಟು. ಗಾಡಿಯ ಕೈಪಿಡಿಯಲ್ಲಿ ಹೇಳಿದ ಮಿತಿಯೇ ಅಂತಿಮ; ಅದು ಬಹುಮಟ್ಟಿಗೆ ಈ ಎರಡರ ಆಸುಪಾಸಿನಲ್ಲಿ ಇರುತ್ತದೆ. ಎರಡು ಮೂರು ಕಡೆ ಅಳೆದು, ಹೆಚ್ಚಿನ ಅಳತೆಯನ್ನು ಲೆಕ್ಕಕ್ಕೆ ಹಿಡಿಯಬೇಕು.

ಸರಪಳಿಯನ್ನು ಕಳಚಿದಾಗ ಇನ್ನೂ ಒಂದು ಸೊಗಸಾದ ಪರೀಕ್ಷೆಯಿದೆ. ನಮ್ಮ ಬೀದಿಯ ಮೆಕ್ಯಾನಿಕ್ ಒಬ್ಬರು ಅದನ್ನು ನನಗೆ ತೋರಿಸಿದರು. ಹಳೆಯ ಸರಪಳಿಯನ್ನು ಅಡ್ಡಮಗ್ಗುಲಾಗಿ, ಒಂದು ತುದಿಯಲ್ಲಿ ಹಿಡಿದು ಚಾಚಿದರು. ಅದು ಬಾಡಿದ ಬಳ್ಳಿಯಂತೆ ಬಾಗಿ ಇಳಿಬಿತ್ತು. ಹೊಸದನ್ನು ಅದೇ ರೀತಿ ಹಿಡಿದಾಗ ಬಹಳ ಮಟ್ಟಿಗೆ ನೆಟ್ಟಗೆ ನಿಂತಿತು. "ಚೈನನ್ನ ಮಾತ್ರ ಬದಲಾಯಿಸಿದರೆ ಸಾಲದೇ?" ಎಂದು ನಾನು ಕೇಳಿದ್ದಕ್ಕೆ ಅವರು, "ಚೈನು, ಸ್ಪ್ರಾಕೆಟ್ಟು ಗಂಡ ಹೆಂಡ್ತಿ ಇದ್ದಂಗೆ ಸಾರ್, ಒಟ್ಟಿಗೇ ಹಳೇದಾಗ್ತವೆ" ಎಂದರು. ಯಂತ್ರಶಾಸ್ತ್ರದ ಪುಸ್ತಕವೂ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಬಾಗಿದ ಹಲ್ಲಿಗೆ ಹೊಸ ಸರಪಳಿ ಹಾಕಿದರೆ, ಒಂದೆರಡು ಹಲ್ಲುಗಳ ಮೇಲೆಯೇ ಜಗ್ಗಾಟ ನಡೆದು ಹೊಸದೂ ಅಕಾಲದಲ್ಲಿ ಮುದಿಯಾಗುತ್ತದೆ. ಹಳೆಯ ಸರಪಳಿಗೆ ಹೊಸ ಗಾಲಿ ಹಾಕಿದರೂ ಅಷ್ಟೇ. ಮೂರನ್ನೂ ಒಟ್ಟಿಗೆ ಬದಲಾಯಿಸುವುದು ದುಂದುಗಾರಿಕೆಯಲ್ಲ, ಮಿತವ್ಯಯ.

ಆದರೆ ಗಾಡಿ ಜಗ್ಗಿದಾಗಲೆಲ್ಲ ಸರಪಳಿಯನ್ನೇ ಅಪರಾಧಿ ಎನ್ನುವಂತಿಲ್ಲ. ಹಿಂದಿನ ಹಲ್ಲುಗಾಲಿಗೂ ಚಕ್ರಕ್ಕೂ ನಡುವೆ, ಎಳೆತದ ಏಟನ್ನು ತಡೆದುಕೊಳ್ಳಲು ರಬ್ಬರಿನ ತುಂಡುಗಳಿರುತ್ತವೆ. ಅವು ಸವೆದರೆ, ಹೊಸ ಸರಪಳಿ ಹಾಕಿದರೂ ವಾಹನಗಳ ಸಾಲಿನಲ್ಲಿ ನಿಧಾನವಾಗಿ ಸಾಗುವಾಗ ಗಾಡಿ ಮುಗ್ಗರಿಸುತ್ತದೆ. ಚಕ್ರವನ್ನು ಹಿಡಿದು, ಹಲ್ಲುಗಾಲಿಯನ್ನು ಹಿಂದೆ ಮುಂದೆ ಆಡಿಸಿ ನೋಡಿದರೆ ಇದು ತಿಳಿಯುತ್ತದೆ. ಚಕ್ರವನ್ನು ಅಕ್ಕಪಕ್ಕಕ್ಕೆ ಅಲುಗಿಸಿದಾಗ ಕಡಕಡ ಎಂದರೆ ತಪ್ಪು ಬೇರಿಂಗಿನದು.

ಸರಪಳಿಯನ್ನು ನೋಡುವುದಕ್ಕೇ ಒಂದು ಅಡ್ಡಿಯುಂಟು. ಅದು ಚೈನ್ ಕವರ್. ಕನ್ನಡಿಗರಿಗೆ ಇದರ ಪರಿಚಯ ಹಳೆಯದು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಚೆಕೊಸ್ಲೊವಾಕಿಯಾದ ಮಾದರಿಯನ್ನು ಅನುಸರಿಸಿ ಅಲ್ಲಿ ತಯಾರಾದ ಜಾವಾ, ಆಮೇಲಿನ ಯೆಜ್ಡಿ ಗಾಡಿಗಳಲ್ಲಿ ಸರಪಳಿ ಪೂರ್ತಿಯಾಗಿ ಮುಚ್ಚಿದ ಪೆಟ್ಟಿಗೆಯೊಳಗೆ ಓಡುತ್ತಿತ್ತು. ಮುಂದೆ ಬಂದ 100 ಸಿ.ಸಿ. ಗಾಡಿಗಳಲ್ಲಿಯೂ ಹಲವು ಇದೇ ಕ್ರಮವನ್ನು ಹಿಡಿದವು. ದೂಳು ಮಳೆಗಳಿಂದ ಸರಪಳಿಗೂ, ಸರಪಳಿಯಿಂದ ಸೀರೆಯ ಸೆರಗಿಗೂ ರಕ್ಷಣೆ ಇದರಿಂದ ದೊರೆಯಿತು. ಹಿಂದೆ ಕುಳಿತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗಕ್ಕೆ ಮರೆಯಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ವಿಧಿಸಿವೆ. ಆದರೆ ಕಾಪಾಡುವ ಮುಚ್ಚಳವೇ ಮರೆಮಾಡುವ ಮುಚ್ಚಳವೂ ಆಗುತ್ತದೆ. ಅದರಲ್ಲಿರುವ ರಬ್ಬರಿನ ಬಿರಡೆಯನ್ನು ತಿಂಗಳಿಗೊಮ್ಮೆಯಾದರೂ ತೆಗೆದು, ಒಳಗೆ ಎಣ್ಣೆಯಿದೆಯೇ, ಜೋಲು ಎಷ್ಟಿದೆ ಎಂದು ನೋಡಬೇಕು.

ಇನ್ನು ಬದಲಾವಣೆಯ ಕ್ರಮ. ಹೊಸ ಸೆಟ್ಟು ಬೇಕಾದವರು ಬೆಂಗಳೂರಿನಲ್ಲಿ ಹುಡುಕಿಕೊಂಡು ಹೋಗುವುದು ಜೆ.ಸಿ. ರಸ್ತೆಗೆ. ರವೀಂದ್ರ ಕಲಾಕ್ಷೇತ್ರವೂ ಕನ್ನಡ ಭವನವೂ ಇರುವ ಆ ರಸ್ತೆಯಲ್ಲಿಯೇ ವಾಹನದ ಬಿಡಿಭಾಗಗಳ ಅಂಗಡಿಗಳ ಸಾಲೂ ಇದೆ. ನಾಟಕಕ್ಕೆ ಹೋದವರು ಸ್ಪ್ರಾಕೆಟ್ಟನ್ನೂ ಕೊಂಡು ಬರಬಹುದು! ಕೊಳ್ಳುವಾಗ ಗಾಡಿಯ ಮಾದರಿ, ತಯಾರಾದ ವರ್ಷ, ಗಾಲಿಗಳ ಹಲ್ಲಿನ ಸಂಖ್ಯೆ, ಕೊಂಡಿಗಳ ಸಂಖ್ಯೆ ಇಷ್ಟನ್ನೂ ಬರೆದುಕೊಂಡು ಹೋಗಬೇಕು. ಹಳೆಯ ಸರಪಳಿಯ ಪಕ್ಕದಲ್ಲಿ ಹೊಸದನ್ನು ಇಟ್ಟು ಉದ್ದ ಹೋಲಿಸಿದರೆ ಮೋಸಹೋಗುತ್ತೇವೆ, ಹಳೆಯದು ಬೆಳೆದಿದೆಯಲ್ಲ! ಕೊಂಡಿಗಳನ್ನು ಎಣಿಸುವುದೇ ಸರಿ.

ಹಳೆಯ ಸರಪಳಿ ಇನ್ನೂ ಗಾಡಿಯ ಮೇಲೆ ಇರುವಾಗಲೇ, ಹಿಂದಿನ ಬ್ರೇಕನ್ನು ಒಬ್ಬರು ಒತ್ತಿ ಹಿಡಿದಿರಲು, ಮುಂದಿನ ಹಲ್ಲುಗಾಲಿಯ ಬೋಲ್ಟುಗಳನ್ನು ಸಡಿಲಿಸಿಕೊಳ್ಳಬೇಕು. ಸರಪಳಿ ತೆಗೆದ ಮೇಲೆ ಗಾಲಿ ಬರಿದೇ ತಿರುಗುತ್ತದೆ. ಬಳಿಕ ಚೈನ್ ಲಾಕ್ ಬಿಚ್ಚಿ, ಚಕ್ರ ಇಳಿಸಿ, ಹಿಂದಿನ ಗಾಲಿಯನ್ನು ಬದಲಾಯಿಸಿ, ರಬ್ಬರುಗಳನ್ನು ಪರೀಕ್ಷಿಸಬೇಕು. ಕವರಿನ ಒಳಗೆ ಅಂಟಿದ ಕಪ್ಪು ಕಲ್ಕವನ್ನು ತೊಳೆಯದೆ ಹೊಸ ಸರಪಳಿಯನ್ನು ಅದರೊಳಗೆ ಬಿಟ್ಟರೆ ಮಾಡಿದ ಕೆಲಸ ವ್ಯರ್ಥ. ಚೈನ್ ಲಾಕು ನೋಡಲು ಪುಟ್ಟ ಮೀನಿನಂತಿದೆ. ಮೀನು ಈಜುವಾಗ ತಲೆ ಮುಂದೆ, ಬಾಲ ಹಿಂದೆ. ಹಾಗೆಯೇ ಲಾಕಿನ ಮುಚ್ಚಿದ ತಲೆ ಸರಪಳಿ ಚಲಿಸುವ ದಿಕ್ಕಿಗೂ, ಸೀಳಿದ ಬಾಲ ಅದರ ಹಿಂದಕ್ಕೂ ಇರಬೇಕು. ತಿರುಗುಮುರುಗಾದರೆ ಏನಾದರೂ ತಗುಲಿ ಲಾಕು ಹಾರಿಹೋಗುವ ಭಯವಿದೆ. ರಿವೆಟ್ ಹಾಕಿ ಸೇರಿಸಬೇಕಾದ ಸರಪಳಿಯಾದರೆ ಅದಕ್ಕೆಂದೇ ಬೇರೆ ಸಲಕರಣೆ ಬೇಕು. ಆ ಕೆಲಸವನ್ನು ಗ್ಯಾರೇಜಿಗೆ ಬಿಡುವುದು ಲೇಸು.

ಕಡೆಯದಾಗಿ ಜೋಲನ್ನು ಹೊಂದಿಸಬೇಕು. ಬಿಗಿಯಾದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಹಿಂದಿನ ಚಕ್ರವನ್ನು ಹಿಡಿದಿರುವ ತೋಳು ಒಂದು ಕೀಲಿನ ಮೇಲೆ ಏರಿಳಿಯುತ್ತದೆ. ಆ ಕೀಲೂ ಮುಂದಿನ ಹಲ್ಲುಗಾಲಿಯ ನಡುವೂ ಒಂದೇ ಸ್ಥಳದಲ್ಲಿಲ್ಲ. ಆದುದರಿಂದ ಇಬ್ಬರು ಕುಳಿತು, ಗಾಡಿ ಗುಂಡಿಗೆ ಇಳಿದಾಗ ಎರಡು ಗಾಲಿಗಳ ನಡುವಣ ದೂರ ಹೆಚ್ಚುತ್ತದೆ, ಸರಪಳಿ ತಾನಾಗಿಯೇ ಬಿಗಿಯುತ್ತದೆ. ಆ ಹೊತ್ತಿಗೆಂದು ಬಿಟ್ಟ ಜಾಗವೇ ಜೋಲು. ಅದಿಲ್ಲದಿದ್ದರೆ ಎಳೆತವೆಲ್ಲ ಎಂಜಿನ್ನಿನ ಬೇರಿಂಗಿನ ಮೇಲೆ ಬೀಳುತ್ತದೆ. ಸಾಮಾನ್ಯ ಗಾಡಿಗಳಿಗೆ ಕೆಳಗಿನ ಸಾಲಿನ ನಡುವೆ 20ರಿಂದ 30 ಮಿಲಿಮೀಟರ್ ಆಟವಿರಬೇಕು. ಕೈಪಿಡಿ ಬೇರೆ ಹೇಳಿದರೆ ಅದರಂತೆ. ಚಕ್ರದ ಎರಡೂ ಕಡೆಯ ಗೆರೆಗಳು ಸಮನಾಗಿವೆಯೇ ಎಂದು ನೋಡಿ, ಆಕ್ಸಲಿನ ನಟ್ಟನ್ನು ಬಿಗಿದು, ಚಕ್ರವನ್ನು ಪೂರ್ತಿ ತಿರುಗಿಸಿ ಜೋಲನ್ನು ಇನ್ನೊಮ್ಮೆ ಅಳೆದು, ಬ್ರೇಕನ್ನು ಮರಳಿ ಹೊಂದಿಸಿದ ಮೇಲೆಯೇ ಗಾಡಿ ರಸ್ತೆಗೆ ಇಳಿಯಬೇಕು. ಹೊಸ ಕೀಲುಗಳು ಮೊದಲ ಓಟದಲ್ಲಿ ತುಸು ಒಗ್ಗಿಕೊಳ್ಳುವುದರಿಂದ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಮತ್ತೊಮ್ಮೆ ಪರೀಕ್ಷಿಸುವುದು ಅಗತ್ಯ.

ಆಮೇಲಿನ ಉಪಚಾರ ಸರಳ. ಸುಮಾರು 500 ಕಿಲೋಮೀಟರಿಗೊಮ್ಮೆ, ಮಳೆಗಾಲದಲ್ಲಿ ಅದಕ್ಕೂ ಮುಂಚೆ, ಒರೆಸಿ ಎಣ್ಣೆ ಹಾಕಬೇಕು. 90 ನಂಬರಿನ ಗೇರ್ ಎಣ್ಣೆ ಸಾಕು. ಕೆಳಗಿನ ಸಾಲಿನ ಒಳಮಗ್ಗುಲಿಗೆ, ಕೊಂಡಿಗಳ ಸಂದಿಗೆ ಬೀಳುವಂತೆ ಹನಿಸುತ್ತ ಚಕ್ರವನ್ನು ಕೈಯಿಂದ ತಿರುಗಿಸಿದರೆ, ಓಡುವಾಗ ಎಣ್ಣೆ ತಾನೇ ಹೊರಮುಖವಾಗಿ ಹರಡಿಕೊಳ್ಳುತ್ತದೆ. ಮಿಕ್ಕದ್ದನ್ನು ಒರೆಸಿಬಿಡಿ, ಹೊರಗೆ ಮೆತ್ತಿದ ಎಣ್ಣೆ ದೂಳಿಗೆ ಔತಣ. ಕೀಲುಗಳಲ್ಲಿ ರಬ್ಬರಿನ ಉಂಗುರಗಳಿರುವ ಸರಪಳಿಗೆ ಒಳಗೇ ಗ್ರೀಸು ತುಂಬಿರುತ್ತದೆ. ಅಂಥದನ್ನು ಪೆಟ್ರೋಲಿನಿಂದ ತೊಳೆಯಬಾರದು, ಉಂಗುರ ಕೆಡುತ್ತದೆ.

ಸರಪಳಿ ಒಂದೇ ದಿನದಲ್ಲಿ ಕೆಡುವುದಿಲ್ಲ. ಸದ್ದು ಮಾಡುತ್ತದೆ, ಜಗ್ಗುತ್ತದೆ, ಪದೇ ಪದೇ ಸಡಿಲವಾಗಿ ನೆನಪಿಸುತ್ತದೆ. ಬಿಗಿಮಾಡಿಸಿಕೊಂಡು ಹೋಗಿ ಹದಿನೈದೇ ದಿನಕ್ಕೆ ಮತ್ತೆ ಅದೇ ಕೆಲಸಕ್ಕೆ ಗ್ಯಾರೇಜಿನ ಮುಂದೆ ನಿಲ್ಲಬೇಕಾಯಿತೆಂದರೆ, ಆ ಸಲ ಬಿಗಿಮಾಡಲು ಹೇಳಬೇಡಿ, ಅಳೆಯಲು ಹೇಳಿ. ಅಳತೆ ಮಿತಿಯನ್ನು ದಾಟಿದ್ದರೆ ಮೂರನ್ನೂ ಒಟ್ಟಿಗೆ ಬದಲಾಯಿಸಿ. ಅದಕ್ಕೆ ತಗಲುವುದು ಅರ್ಧ ದಿನ ಮತ್ತು ಒಂದಿಷ್ಟು ಹಣ. ಮುಂದೆ ಮಗುವನ್ನೂ ಹಿಂದೆ ಮಡದಿಯನ್ನೂ ಕೂರಿಸಿಕೊಂಡು ಹೋಗುವವರಿಗೆ ಇದು ದುಬಾರಿಯಲ್ಲ.